ಎಮ್ಮೆಗೆ ಜಾಗ ಹುಡುಕಿದ ಪುಟ್ಟರಂಗಯ್ಯ

ಗುಬ್ಬಿಯ ಪುಟ್ಟರಂಗಯ್ಯನವರ ದನಿ ಎಂಥದ್ದು ಎಂದು ತಿಳಿಯಬೇಕಾದರೆ ತುಮಕೂರು ಬಸ್ ಸ್ಟ್ಯಾಂಡಿನ ಹಳಬರನ್ನು ಕೇಳಬೇಕು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕತ್ತು ಹೊರಗೆ ಚಾಚಿ, "ಗೂಳೂರು, ನಾಗವಲ್ಲಿ, ಹೆಬ್ಬೂರು, ಕುಣಿಗಲ್! ಕುಣಿಗಲ್ ಕುಣಿಗಲ್ ಕುಣಿಗಲ್!" ಎಂದು ಅವರು ಕೂಗಿದರೆ ಎದುರಿನ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತಿದ್ದವರು ಕೈ ತೊಳೆಯದೆ ಓಡಿಬರುತ್ತಿದ್ದರು. ಬಸ್ಸಿನೊಳಗೆ ಎಷ್ಟೇ ಗದ್ದಲವಿರಲಿ, ಅವರ "ಮುಂದೆ ಹೋಗಿ, ಮುಂದೆ ಹೋಗಿ, ಅಲ್ಲೆಲ್ಲ ಜಾಗ ಐತೆ" ಎಂಬ ಮಾತು ಡ್ರೈವರ್ ಸೀಟಿನ ತನಕ ಸಲೀಸಾಗಿ ತಲುಪುತ್ತಿತ್ತು. ಮೈಕಿನ ಹಂಗಿಲ್ಲದ ಗಂಟಲು ಎಂದು ಡಿಪೋದವರು ಹೇಳುತ್ತಿದ್ದರು. ಪುಟ್ಟರಂಗಯ್ಯನವರಿಗೂ ಒಳಗೊಳಗೇ ಅದರ ಬಗ್ಗೆ ಹೆಮ್ಮೆ.

ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಕಡಬದಲ್ಲಿ, ಕೆರೆ ಕೆಳಗಿನ ತೆಂಗಿನ ತೋಟದ ಮನೆಯಲ್ಲಿ. ಅಣ್ಣ ದೊಡ್ಡರಂಗಯ್ಯ ತೋಟ ನೋಡಿಕೊಂಡರು, ತಮ್ಮ ಹತ್ತನೇ ಕ್ಲಾಸು ಮುಗಿಸಿ ಕಂಡಕ್ಟರ್ ಕೆಲಸ ಹಿಡಿದರು. ಮದುವೆಯಾಗಿ ಗುಬ್ಬಿಯಲ್ಲಿ ಮನೆ ಮಾಡಿದ ಮೇಲೆ ಅವರ ಬದುಕೆಲ್ಲ ತುಮಕೂರಿಗೂ ಕುಣಿಗಲ್ಲಿಗೂ ನಡುವೆ ಓಡಾಡುವುದರಲ್ಲೇ ಕಳೆಯಿತು. ಬೆಳಗಿನ ಮೊದಲ ಗಾಡಿಗೆ ಹೊರಟರೆ ಮನೆ ಸೇರುವಾಗ ಮಗ ಲಕ್ಷ್ಮೀಕಾಂತ ಮಲಗಿಬಿಟ್ಟಿರುತ್ತಿದ್ದ. ಊಟಕ್ಕೆ ಕೂತರೆ ದಿನವಿಡೀ ಕೂಗಿ ದಣಿದ ಗಂಟಲಿನಿಂದ "ಸಾರು" "ಮಜ್ಜಿಗೆ" ಎಂಬೆರಡು ಮಾತು ಹೊರಟರೆ ಹೆಚ್ಚು. ಹೆಂಡತಿ ಸಿದ್ದಗಂಗಮ್ಮ ಅಕ್ಕಪಕ್ಕದವರ ಹತ್ತಿರ, "ನಮ್ಮನೆಯೋರ ಮಾತು ಕೇಳ್ಬೇಕು ಅಂದ್ರೆ ನಾನೂ ಟಿಕೆಟ್ ತಗೊಂಡು ಬಸ್ ಹತ್ಬೇಕು ಕಣಮ್ಮ" ಎಂದು ನಗುತ್ತಿದ್ದರು.

ರಿಟೈರಾದ ಮೇಲೆ ಆ ಮಾತೆಲ್ಲ ಮನೆಗೆ ಬಂತು. ಪುಟ್ಟರಂಗಯ್ಯನವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಉಪ್ಪು ಕೇಳಿದರೆ ಮೂರನೇ ಮನೆಯವರಿಗೆ ಅವರ ಮನೆಯ ಸಾರು ಸಪ್ಪೆಯಾದದ್ದು ಗೊತ್ತಾಗುತ್ತಿತ್ತು. ಫೋನಿನಲ್ಲಿ ಅಣ್ಣನ ಜೊತೆ ಮಾತಾಡಿದರೆ ಫೋನೇ ಬೇಡ, ಕಡಬಕ್ಕೆ ಹಾಗೇ ಕೇಳಿಸುತ್ತದೆ ಎಂದು ಸೊಸೆ ಸುಮನಾ ತಮಾಷೆ ಮಾಡುತ್ತಿದ್ದಳು. ಲಕ್ಷ್ಮೀಕಾಂತನಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ, ಸುಮನಾಗೆ ತುಮಕೂರಿನ ಔಷಧಿ ಅಂಗಡಿಯಲ್ಲಿ. ಇಬ್ಬರೂ ಹೊತ್ತಿಗೆ ಮುಂಚೆ ಹೊರಡುವವರು. ಸಿದ್ದಗಂಗಮ್ಮನವರಿಗೆ ಮಂಡಿ ನೋವು, ಹೆಚ್ಚು ನಡೆಯುವ ಹಾಗಿರಲಿಲ್ಲ. ಹಾಗಾಗಿ ಮೊಮ್ಮಗಳು ಭೂಮಿಕಾಳನ್ನು ಅಂಗನವಾಡಿಗೆ ಬಿಟ್ಟು ಬರುವ ಕೆಲಸ ತಾತನ ಪಾಲಿಗೆ ಬಂತು.

ಭೂಮಿಕಾಗೆ ಆಗಿನ್ನೂ ಮೂರು ತುಂಬಿರಲಿಲ್ಲ. ಅಂಗನವಾಡಿಯ ಬಾಗಿಲ ತನಕ ತಾತನ ಹೆಬ್ಬೆರಳು ಹಿಡಿದು ಖುಷಿಯಾಗಿ ಬಂದಳು. ಒಳಗೆ ಹೋಗು ಅಂದದ್ದೇ ತಡ, ಹೆಬ್ಬೆರಳು ಬಿಟ್ಟು ಪಂಚೆ ಹಿಡಿದಳು. ಎಳೆದರೆ ಪಂಚೆಯೂ ಬರುವ ಹಾಗಿತ್ತು. ಮಾನ ಉಳಿಯಬೇಕಾದರೆ ತಾನೂ ಒಳಗೆ ಹೋಗುವುದೇ ದಾರಿ ಎಂದು ಪುಟ್ಟರಂಗಯ್ಯ ಒಳಗೆ ಕಾಲಿಟ್ಟರು.

ಅಂಗನವಾಡಿ ಟೀಚರ್ ಉಮಾಮಹೇಶ್ವರಿ ನಕ್ಕರು. "ಬನ್ನಿ ತಾತ, ನಿಮ್ಗೂ ಅಡ್ಮಿಶನ್ ಮಾಡ್ಕೋತೀನಿ. ಅವ್ಳು ಹೊಂದ್ಕೊಳ್ಳೋ ತನಕ ಕೂತ್ಕೊಳ್ಳಿ."

ಅಲ್ಲಿದ್ದ ಕುರ್ಚಿಗಳೆಲ್ಲ ಮೊಣಕಾಲಿನಷ್ಟೇ ಎತ್ತರ. ಪುಟ್ಟರಂಗಯ್ಯ ಗೋಡೆಗೊರಗಿ ಕೂತರು. ಒಂದೆರಡು ದಿನ ಎಂದುಕೊಂಡದ್ದು ವಾರಗಟ್ಟಲೆ ಹೋಯಿತು. ತಾತ ಎದ್ದರೆ ಭೂಮಿಯ ತುಟಿ ನಡುಗುತ್ತಿತ್ತು, ಅವರು ಮತ್ತೆ ಕೂರುತ್ತಿದ್ದರು. ಮಕ್ಕಳಿಗೆ ಅವರು ಅಲ್ಲಿನ ಬೀರುವಿನ ಹಾಗೆ, ತಕ್ಕಡಿಯ ಹಾಗೆ ಇನ್ನೊಂದು ಸಾಮಾನಾಗಿ ಅಭ್ಯಾಸವಾಗಿಬಿಟ್ಟರು.

ಒಂದು ದಿನ ಸಹಾಯಕಿ ಬಂದಿರಲಿಲ್ಲ. ಒಲೆಯ ಮೇಲೆ ಅನ್ನ ಸಾರು, ಬಾಗಿಲಲ್ಲಿ ಯಾರೋ ತಾಯಿ, ಒಳಗೆ ಮಕ್ಕಳ ಗಲಾಟೆ. ಉಮಾಮಹೇಶ್ವರಿ ಒಂದು ಹಳೆಯ ಪುಸ್ತಕವನ್ನು ಪುಟ್ಟರಂಗಯ್ಯನವರ ಕೈಗಿಟ್ಟರು.

"ತಾತ, ಒಂಚೂರು ಇದನ್ನ ಓದ್ತೀರಾ? ನಾನು ಸಾರು ಇಳ್ಸಿ ಬಂದ್ಬಿಡ್ತೀನಿ."

"ಅದೇನ್ ಮಹಾ ಬುಡಮ್ಮ" ಎಂದರು ಪುಟ್ಟರಂಗಯ್ಯ.

ಪುಸ್ತಕದ ಹೆಸರು 'ಎಮ್ಮೆಗೆ ಎಲ್ಲಿ ಜಾಗ?' ಉಮಾಮಹೇಶ್ವರಿ ಚಿಕ್ಕವರಿದ್ದಾಗ ಅವರ ತಂದೆ ತುಮಕೂರಿನಿಂದ ತಂದುಕೊಟ್ಟದ್ದು. ಅಕ್ಕತಂಗಿಯರ ಕೈ, ಅವರ ಮಕ್ಕಳ ಕೈ, ಆಮೇಲೆ ಈ ಅಂಗನವಾಡಿಗೆ ಬಂದುಹೋದ ಮಕ್ಕಳ ಕೈ ಎಲ್ಲ ದಾಟಿ, ಬೆನ್ನು ಕಿತ್ತುಹೋಗಿ, ಬಿಳಿ ದಾರದಲ್ಲಿ ಹೊಲಿಸಿಕೊಂಡಿತ್ತು. ಕಥೆ ಇಷ್ಟೇ. ಒಂದು ಎಮ್ಮೆಗೆ ನಿದ್ದೆ ಬರುತ್ತದೆ. ಹುಣಸೆಮರದ ನೆರಳಿಗೆ ಹೋದರೆ ಅಲ್ಲಿ ನಾಯಿ. "ಇಲ್ಲಿ ಜಾಗ ಇಲ್ಲ, ಮುಂದೆ ಹೋಗು" ಎನ್ನುತ್ತದೆ ನಾಯಿ. ಹುಲ್ಲಿನ ಬಣವೆಯ ಹತ್ತಿರ ಹೋದರೆ ಕೋಳಿ ಮತ್ತದರ ಮರಿಗಳು. ಅವೂ ಅದನ್ನೇ ಹೇಳುತ್ತವೆ. ಜಗಲಿಯ ಹತ್ತಿರ ಹೋದರೆ ಮೇಕೆ. ಕೊನೆಗೆ ಎಮ್ಮೆ ಕೆರೆಗೆ ಬರುತ್ತದೆ. ಕೆರೆ ಏನೂ ಅನ್ನುವುದಿಲ್ಲ. ಎಮ್ಮೆ ನೀರಿಗಿಳಿದು ಕಣ್ಣು ಮುಚ್ಚುತ್ತದೆ, ಅದರ ಕೊಂಬಿನ ಮೇಲೆ ಒಂದು ಕಾಗೆ ಬಂದು ಕೂರುತ್ತದೆ. ಕಡೆಯ ಪುಟದಲ್ಲಿ ಇರುವುದು ಒಂದೇ ಮಾತು, "ಶ್!"

ಪುಟ್ಟರಂಗಯ್ಯ ಎದ್ದು ನಿಂತರು. ಕೂತು ಕೂಗಿ ಅವರಿಗೆ ಅಭ್ಯಾಸವಿರಲಿಲ್ಲ. ಪುಸ್ತಕವನ್ನು ತಮ್ಮ ಕಣ್ಣಿಗೆ ಸರಿಯಾಗಿ ಹಿಡಿದುಕೊಂಡು, ಗಂಟಲು ಸರಿಮಾಡಿಕೊಂಡು, ಶುರು ಮಾಡಿದರು. "ಇಲ್ಲಿ ಜಾಗ ಇಲ್ಲ! ಮುಂದೆ ಹೋಗು!" ಎಂಬಲ್ಲಿಗೆ ಬಂದಾಗ ಹಳೆಯ ಹುರುಪು ಬಂತು. ಹೆಂಚು ಅದುರುವ ಹಾಗೆ ಕೂಗಿದರು.

ಮುಂದೆ ಕೂತಿದ್ದ ಜೋಯಾ ಮೊದಲು ಕಣ್ಣರಳಿಸಿದಳು. ಆಮೇಲೆ ಬಾಯಿ ಅಗಲವಾಯಿತು. ಅವಳ ಅಳು ಕೇಳಿ ಪಕ್ಕದ ಚಿರಂತ, ಚಿರಂತನನ್ನು ನೋಡಿ ಇನ್ನೊಬ್ಬ. ಒಂದು ಮಗು ಕೂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡಿತು. ಉಮಾಮಹೇಶ್ವರಿ ಸೌಟು ಹಿಡಿದುಕೊಂಡೇ ಓಡಿಬಂದರು. ಭೂಮಿ ಮಾತ್ರ ಅಳಲಿಲ್ಲ. ಎದ್ದು ಬಂದು, ತಾತನ ಪಂಚೆ ಜಗ್ಗಿ, ಅವರು ಬಗ್ಗಿದ ಮೇಲೆ ಎರಡೂ ಕೈಯಿಂದ ಪುಸ್ತಕ ಮುಚ್ಚಿದಳು.

"ತಾತ, ಎಮ್ಮೆಗೆ ಬೈಬೇಡ" ಎಂದಳು.

ಮನೆಗೆ ಬಂದ ಪುಟ್ಟರಂಗಯ್ಯ ಮಧ್ಯಾಹ್ನವೆಲ್ಲ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ಸಿದ್ದಗಂಗಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಕೇಳಿದ ಮೇಲೆ ಒಂದೊಂದಾಗಿ ವಿಷಯ ಹೊರಬಂತು.

"ಗಿಜಿಗಿಜಿ ತುಂಬಿದ್ ಬಸ್ಸನ್ನ ಸುಮ್ಮನಿರಿಸ್ತಿದ್ದೋನು ನಾನು. ಈ ಗಿಣಿಮರಿಗಳು ನನ್ನ ಮಾತ್ ಕೇಳಲ್ವಂತೆ!"

"ಅಲ್ಲ ಕಣ್ರೀ, ಅವುಕ್ಕೇನು ಹೆಬ್ಬೂರಿಗೆ ಹೋಗ್ಬೇಕಾ? ನೀವ್ಯಾಕೆ ಅವುನ್ನ ಬಸ್ ಹತ್ತಿಸ್ತೀರಿ?" ಎಂದರು ಸಿದ್ದಗಂಗಮ್ಮ, ತಲೆ ಎತ್ತದೆ. "ಎಲ್ಲಿ, ನಂಗೆ ಹೇಳಿ ನೋಡಣ, ಆ ಎಮ್ಮೆ ಕಥೆ."

ಪುಟ್ಟರಂಗಯ್ಯ ಹೇಳಿದರು. ಮೊದಲ ಸಲ ಜೋರಾಯಿತು. ಎರಡನೇ ಸಲ ಕುರ್ಚಿ ಎಳೆದುಕೊಂಡು ಹತ್ತಿರ ಕೂತು ಹೇಳಿದರು. ಮೂರನೇ ಸಲಕ್ಕೆ ಸಿದ್ದಗಂಗಮ್ಮ ಅವರೆಕಾಯಿಯ ಮೊರ ಮಡಿಲಲ್ಲಿಟ್ಟುಕೊಂಡೇ ತೂಕಡಿಸುತ್ತಿದ್ದರು. ಕಥೆ ಎಮ್ಮೆಯ ನಿದ್ದೆಯದ್ದಾದ್ದರಿಂದ ಇದು ಒಳ್ಳೆಯ ಲಕ್ಷಣವೇ ಇರಬೇಕು ಎಂದು ಪುಟ್ಟರಂಗಯ್ಯನವರಿಗೆ ಸಮಾಧಾನವಾಯಿತು.

ಮಾರನೆಯ ದಿನ ತಾವಾಗಿಯೇ ಪುಸ್ತಕ ಕೇಳಿ ತೆಗೆದುಕೊಂಡರು. ಈ ಸಲ ನಿಲ್ಲಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪುಸ್ತಕವನ್ನು ಮಕ್ಕಳ ಕಡೆಗೆ ತಿರುಗಿಸಿ ತೊಡೆಯ ಮೇಲಿಟ್ಟುಕೊಂಡರು. ಓದಲು ಬಾಯಿ ತೆರೆಯುವಷ್ಟರಲ್ಲಿ ಚಿರಂತ ಬಂದು ಬೆರಳಿಟ್ಟ. ಅವನು ಬೆರಳಿಟ್ಟದ್ದು ಎಮ್ಮೆಯ ಮೇಲಲ್ಲ, ಹುಣಸೆಮರದ ಬುಡದಲ್ಲಿ ಸಾಲಾಗಿ ಹೋಗುತ್ತಿದ್ದ ಇರುವೆಗಳ ಮೇಲೆ.

"ಇರುವೆ" ಎಂದ.

"ಹೂಂ ಕಣಪ್ಪ, ಇರುವೆ. ಆಮೇಲೆ ಎಮ್ಮೆ ಏನ್ ಮಾಡ್ತು ಅಂದ್ರೆ..."

"ಇರುವೆ."

"ಆಯ್ತು ಮಗಾ, ಇರುವೆ. ನೋಡು ಇಲ್ಲಿ ನಾಯಿ..."

"ಇರುವೆ!"

ಪುಟ್ಟರಂಗಯ್ಯ ಕನ್ನಡಕ ಮೂಗಿನ ಮೇಲಕ್ಕೆ ತಳ್ಳಿ ನೋಡಿದರು. ಎಷ್ಟೋ ಇರುವೆಗಳು, ಒಂದರ ಬಾಯಲ್ಲಿ ಅನ್ನದ ಅಗುಳು. ಚಿತ್ರ ಬರೆದವನು ಸುಮ್ಮನೆ ಬರೆದಿರಲಿಲ್ಲ. ಎಮ್ಮೆ ಬಂದರೆ ಇವುಗಳ ಗತಿಯೇನು ಎಂದು ಅವರಿಗೂ ಯೋಚನೆ ಬಂತು. ಆ ದಿನ ಮೊದಲ ಪುಟ ದಾಟಲಿಲ್ಲ. ಎಲ್ಲರೂ ಸೇರಿ ಇರುವೆ ನೋಡಿದರು. ಆಮೇಲೆ ಊಟದ ಹೊತ್ತಾಯಿತು.

ಹೀಗೆ ಒಂದು ಪಾಠವಾಯಿತು. ಮುಂದಿನ ದಿನಗಳಲ್ಲಿ ಇನ್ನಷ್ಟಾದವು. ಪುಟವನ್ನು ತಾನು ತಿರುಗಿಸಬಾರದು, ಅದು ಮಕ್ಕಳ ಕೆಲಸ. ಎರಡು ಪುಟ ಒಟ್ಟಿಗೆ ತಿರುಗಿದರೆ ಕೋಳಿ ಬರುವ ಮೊದಲೇ ಮೇಕೆ ಬರುತ್ತದೆ, ಬರಲಿ. ಯಾರಾದರೂ ಎದ್ದು ನೀರು ಕುಡಿಯಲು ಹೋದರೆ ಕರೆಯಬಾರದು, ಕಿವಿ ಇಲ್ಲೇ ಇರುತ್ತದೆ. ಮುಗಿದ ಮೇಲೆ "ಇನ್ನೊಂದ್ಸಲ" ಎನ್ನುತ್ತಾರೆ, ಇನ್ನೊಂದು ಸಲ ಹೇಳಬೇಕು. ಅದಾದ ಮೇಲೂ "ಇನ್ನೊಂದ್ಸಲ" ಎನ್ನುತ್ತಾರೆ. ಅದೇ ಊರುಗಳ ಹೆಸರನ್ನು ಅದೇ ಕ್ರಮದಲ್ಲಿ ಜನ್ಮವಿಡೀ ಕೂಗಿದ ಮನುಷ್ಯನಿಗೆ ಇದರಲ್ಲಿ ಬೇಸರವೇನೂ ಕಾಣಲಿಲ್ಲ.

ನಾಯಿ "ಮುಂದೆ ಹೋಗು" ಎನ್ನುವ ಕಡೆ ಮಾತ್ರ ಪುಟ್ಟರಂಗಯ್ಯನವರ ನಾಲಿಗೆ ಪುಸ್ತಕದ ಮಾತಿಗೆ ನಿಲ್ಲುತ್ತಿರಲಿಲ್ಲ. "ಮುಂದೆ ಹೋಗಿ ಎಮ್ಮೆಯೋರೆ, ಮುಂದೆ ಹೋಗಿ, ಅಲ್ಲೆಲ್ಲ ಜಾಗ ಐತೆ" ಎಂದು ಮೆಲ್ಲಗೆ, ರಾಗವಾಗಿ ಹೇಳಿ, ಹೆಬ್ಬೆರಳಿನಿಂದ ಬಸ್ಸಿನ ತಗಡು ಬಡಿದ ಹಾಗೆ ನೆಲಕ್ಕೆ ಟಪಟಪ ಬಡಿಯುತ್ತಿದ್ದರು. ಮಕ್ಕಳೂ ಬಡಿಯುತ್ತಿದ್ದವು. ಸ್ವಲ್ಪ ದಿನಕ್ಕೆ ಬೀದಿಯಲ್ಲಿ ಕಂಡರೂ "ಎಮ್ಮೆ ತಾತ" ಎಂದು ಕೂಗುವಂತಾಯಿತು. ಅದನ್ನು ಕೇಳಿ ಅಂಗಡಿಯ ಚನ್ನವೀರಯ್ಯ ಬಿದ್ದು ಬಿದ್ದು ನಕ್ಕರು. "ಏನ್ರೀ ಪುಟ್ಟರಂಗಯ್ಯ, ಕಂಡಕ್ಟರ್ ಹೋಗಿ ಎಮ್ಮೆ ಆದ್ರಾ?" ಪುಟ್ಟರಂಗಯ್ಯ, "ಪ್ರಮೋಶನ್ ಕಣಯ್ಯ" ಎಂದು ಎದೆಯುಬ್ಬಿಸಿ ನಡೆದರು.

ಈ ಹೊತ್ತಿಗೆ ಭೂಮಿ ಪೂರ್ತಿ ಹೊಂದಿಕೊಂಡಿದ್ದಳು. ತಾತ ಮನೆಗೆ ಹೋದರೂ ಅವಳಿಗೆ ಚಿಂತೆಯಿರಲಿಲ್ಲ. ತಾತನೇ ಹೋಗಲಿಲ್ಲ.

ಒಂದೇ ಪುಸ್ತಕ ಎಷ್ಟು ದಿನ ಎಂದು ಒಮ್ಮೆ ತುಮಕೂರಿಗೆ ಹೋಗಿ ಅಂಗಡಿ ಅಂಗಡಿ ಸುತ್ತಿ, ಕುಂಬಳಕಾಯಿಯದೊಂದು, ಮೀನಿನದೊಂದು ಬಣ್ಣದ ಪುಸ್ತಕ ಆರಿಸಿ ತಂದರು. ಹೊಳೆಯುವ ಹಾಳೆ, ಹೊಸ ವಾಸನೆ. ಮಕ್ಕಳು ಮೂಸಿ ನೋಡಿದವು, ಮುಟ್ಟಿ ನೋಡಿದವು. ಕುಂಬಳಕಾಯಿ ಅರ್ಧ ಉರುಳುವಷ್ಟರಲ್ಲಿ ಜೋಯಾ ಎದ್ದುಹೋಗಿ ದಾರ ಹೊಲಿದ ಹಳೆಯ ಪುಸ್ತಕವನ್ನೇ ಎಳೆದುಕೊಂಡು ಬಂದು ಅವರ ತೊಡೆಯ ಮೇಲಿಟ್ಟಳು. "ಎಮ್ಮೆಗೆ ನಿದ್ದೆ ಬಂತು" ಎಂದಳು, ಅಪ್ಪಣೆಯ ದನಿಯಲ್ಲಿ. ಕುಂಬಳಕಾಯಿಗೆ ಅವಕಾಶ ಸಿಕ್ಕಿದ್ದು ತಿಂಗಳುಗಳ ನಂತರ.

ಗಂಟಲು ಕೆಟ್ಟದ್ದು ಒಮ್ಮೆಲೇ ಅಲ್ಲ. ಬೆಳಗ್ಗೆ ಎದ್ದಾಗ ದನಿ ಕರಕರ ಅನ್ನುತ್ತಿತ್ತು. ಶುಂಠಿ ಕಷಾಯ ಕುಡಿದರು, ಉಪ್ಪುನೀರು ಮುಕ್ಕಳಿಸಿದರು, ಜೇನಿನಲ್ಲಿ ಮೆಣಸಿನ ಪುಡಿ ನೆಕ್ಕಿದರು. ಚಳಿಗಾಲ ಹೋದರೆ ಸರಿಹೋಗುತ್ತದೆ ಎಂದರು. ಚಳಿಗಾಲ ಹೋಯಿತು, ಕರಕರ ಹೋಗಲಿಲ್ಲ. ಒಂದು ಬೆಳಗ್ಗೆ ಅಂಗನವಾಡಿಯಲ್ಲಿ ಮೇಕೆಯ ಪುಟದಲ್ಲಿ ಬಾಯಿ ತೆರೆದರೆ ಗಾಳಿಯಷ್ಟೇ ಹೊರಗೆ ಬಂತು. ಕೆಮ್ಮಿ ಮತ್ತೆ ನೋಡಿದರು. ಗಾಳಿಯೇ. ಮಕ್ಕಳು ಅದೂ ಕಥೆಯ ಭಾಗವೆಂದು ತಿಳಿದು ತಾವೂ "ಹಾ... ಹಾ..." ಎಂದು ಗಾಳಿ ಬಿಟ್ಟವು. ಪುಟ್ಟರಂಗಯ್ಯ ನಗಲಿಲ್ಲ.

ಸುಮನಾ ರಜೆ ಹಾಕಿ ತುಮಕೂರಿನ ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಸಣ್ಣ ಕ್ಯಾಮೆರಾ ಇಳಿಬಿಟ್ಟು ನೋಡಿ, ಪರದೆಯ ಮೇಲೆ ತೋರಿಸಿದರು. ದನಿ ಹೊರಡುವ ಜಾಗದಲ್ಲಿ ಒಂದು ಗಂಟು ಬೆಳೆದಿತ್ತು.

"ತುಂಬ ವರ್ಷ ಜೋರಾಗಿ ಮಾತಾಡೋ ಕೆಲಸ ಮಾಡಿದ್ರಾ?"

ಸುಮನಾ ಮಾವನ ಮುಖ ನೋಡಿದಳು. ಮಾವ ಗಾಳಿಯ ದನಿಯಲ್ಲಿ, "ಕುಣಿಗಲ್" ಎಂದರು. ಡಾಕ್ಟರಿಗೆ ಅರ್ಥವಾಗದೆ ಸೊಸೆ ವಿವರಿಸಬೇಕಾಯಿತು.

ಆಪರೇಷನ್ ಮಾಡಿ ತೆಗೆಯಬೇಕು, ತೆಗೆದದ್ದನ್ನು ಪರೀಕ್ಷೆಗೆ ಕಳಿಸಬೇಕು ಎಂದರು. ಪರೀಕ್ಷೆ ಎಂಬ ಮಾತು ಬಂದ ಮೇಲೆ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಸಿದ್ದಗಂಗಮ್ಮ ಎಂದೂ ಇಲ್ಲದವರು ಗಂಡನ ತಟ್ಟೆಗೆ ಕೇಳದೆಯೇ ತುಪ್ಪ ಹಾಕಿದರು. ಲಕ್ಷ್ಮೀಕಾಂತ ಕೆಲಸದಿಂದ ಬಂದವನು ಅಪ್ಪನ ಪಕ್ಕ ಸುಮ್ಮನೆ ಕೂತು ಟಿವಿ ನೋಡಿದ. ಪುಟ್ಟರಂಗಯ್ಯನವರಿಗೆ ಭಯವಾಗಿತ್ತು. ಬಾಯಿಬಿಟ್ಟು ಹೇಳಿಕೊಳ್ಳಲು ದನಿಯಿರಲಿಲ್ಲ, ಇದ್ದಿದ್ದರೂ ಹೇಳಿಕೊಳ್ಳುತ್ತಿರಲಿಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಇಲ್ಲವೆಂದು ಬಂತು. ಫೋನಿನಲ್ಲಿ ಅದನ್ನು ಕೇಳಿದ ಸಿದ್ದಗಂಗಮ್ಮ ದೇವರ ಮುಂದೆ ಕೂತು ಅತ್ತು, ಆಮೇಲೆ ಎದ್ದುಬಂದು ಗಂಡನಿಗೆ ಚೆನ್ನಾಗಿ ಬೈದರು. "ಕಿರುಚಬೇಡಿ ಕಿರುಚಬೇಡಿ ಅಂತ ಎಷ್ಟು ಸಲ ಬಡ್ಕೊಂಡೆ!" ಪುಟ್ಟರಂಗಯ್ಯ ಸುಮ್ಮನೆ ಕೇಳಿಸಿಕೊಂಡರು. ಗಾಯ ಮಾಯುವ ತನಕ ಒಂದು ಮಾತೂ ಆಡಬಾರದು, ಪಿಸುಮಾತೂ ಕೂಡದು ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು.

ಇದೆಲ್ಲ ದೊಡ್ಡವರಿಗೆ ಗೊತ್ತು, ಭೂಮಿಗೆ ಗೊತ್ತಿಲ್ಲ. ಅವಳಿಗೆ ಕಂಡದ್ದು ಇಷ್ಟೇ. ಊರಿಗೆ ಹೋದ ತಾತ ವಾಪಸ್ ಬಂದರು. ಅವಳು ಓಡಿಹೋಗಿ "ತಾತಾ" ಎಂದಳು. ತಾತ ಮಾತಾಡಲಿಲ್ಲ. ಮಡಿಲಿಗೆ ಹತ್ತಿ ಗದ್ದ ಹಿಡಿದು ಅಲ್ಲಾಡಿಸಿದಳು. ಆಗಲೂ ಮಾತಾಡಲಿಲ್ಲ. ಕೆನ್ನೆ ಸವರಿದರು, ತಲೆ ನೇವರಿಸಿದರು, ಮಾತು ಮಾತ್ರ ಇಲ್ಲ. ಮಡಿಲಿಂದ ಇಳಿದು ಅಡುಗೆಮನೆಗೆ ಹೋಗಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ತಾತ ಟೂ ಬಿಟ್ಟವ್ರೆ."

"ಇಲ್ಲ ಕಣೇ ಕಂದ. ತಾತಂಗೆ ಗಂಟಲಲ್ಲಿ ಗಾಯ ಆಗೈತೆ. ಡಾಕ್ಟ್ರು ಮಾತಾಡ್ಬೇಡಿ ಅಂದವ್ರೆ."

ಭೂಮಿ ಹೋಗಿ ತಾತನ ಕತ್ತು ನೋಡಿದಳು. ಗಾಯವೂ ಇರಲಿಲ್ಲ, ಬ್ಯಾಂಡೇಜೂ ಇರಲಿಲ್ಲ. ತನ್ನ ಮೊಣಕಾಲಿಗೆ ಪೆಟ್ಟಾದಾಗ ಕೆಂಪಗೆ ಕಂಡಿತ್ತು, ಔಷಧಿ ಹಚ್ಚಿದ್ದರು. ಅಜ್ಜಿ ಸುಳ್ಳು ಹೇಳುತ್ತಿದ್ದಾಳೆ ಎಂದು ಅವಳಿಗೆ ಗ್ಯಾರಂಟಿಯಾಯಿತು. ಅವಳೂ ಮಾತು ಬಿಟ್ಟಳು. ಅಂಗನವಾಡಿಗೆ ಅಮ್ಮನೇ ಕರೆದುಕೊಂಡು ಹೋಗಬೇಕು ಎಂದು ಹಠ ಹಿಡಿದಳು. ಪುಟ್ಟರಂಗಯ್ಯ ಕಿಟಕಿಯಲ್ಲಿ ನಿಂತು, ಕೆಲಸಕ್ಕೆ ತಡವಾಗುತ್ತಿದ್ದ ಸೊಸೆಯ ಕೈ ಹಿಡಿದು ಮೊಮ್ಮಗಳು ಹೋಗುವುದನ್ನು ನೋಡಿದರು. ಅವಳು ತಿರುಗಿ ನೋಡಲಿಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದಾಗಲೂ ಅವರಿಗೆ ಇಷ್ಟು ಸಂಕಟವಾಗಿರಲಿಲ್ಲ.

ಎರಡು ದಿನ ತಡೆದರು. ಮೂರನೇ ದಿನ ಅಂಗಿ ತೊಟ್ಟು ಹೊರಟರು.

"ಎಲ್ಲಿಗೆ? ಅಲ್ಲಿ ಹೋಗಿ ಬಾಯಿ ಬಿಟ್ರೆ ನೋಡಿ ಮತ್ತೆ!" ಎಂದು ಸಿದ್ದಗಂಗಮ್ಮ ಹಿಂದಿನಿಂದ ಕೂಗಿದರು. ಪುಟ್ಟರಂಗಯ್ಯ ಬಾಯಿಗೆ ಬೆರಳಿಟ್ಟು ತೋರಿಸಿ ಮೆಟ್ಟಿಲಿಳಿದರು.

ಅಂಗನವಾಡಿಯಲ್ಲಿ "ಎಮ್ಮೆ ತಾತ!" ಎಂದು ಮಕ್ಕಳು ಮುತ್ತಿಕೊಂಡವು. ಭೂಮಿ ಎದ್ದು ಗೋಡೆಯ ಕಡೆ ಹೋಗಿ ಬೆನ್ನು ಮಾಡಿ ನಿಂತಳು. ಉಮಾಮಹೇಶ್ವರಿಗೆ ವಿಷಯ ಗೊತ್ತಿತ್ತು. "ಮಕ್ಳೇ, ತಾತಂಗೆ ಹುಷಾರಿಲ್ಲ, ಇವತ್ತು ಕಥೆ..." ಎಂದು ಶುರು ಮಾಡಿದವರು, ಪುಟ್ಟರಂಗಯ್ಯ ಕೈಯೆತ್ತಿದ್ದನ್ನು ನೋಡಿ ಸುಮ್ಮನಾದರು.

ಅವರು ಎಂದಿನ ಜಾಗದಲ್ಲಿ ಕೂತು ಪುಸ್ತಕ ತೊಡೆಯ ಮೇಲಿಟ್ಟು ಮೊದಲ ಪುಟ ತೆರೆದರು. ಎಮ್ಮೆಯ ಮೇಲೆ ಬೆರಳಿಟ್ಟು ಮಕ್ಕಳ ಮುಖ ನೋಡಿದರು. ಮಕ್ಕಳು ಅವರ ಬಾಯಿಯನ್ನೇ ನೋಡುತ್ತಿದ್ದವು. ಎಲ್ಲೋ ಕುಕ್ಕರ್ ಕೂಗಿತು. ಪುಟ್ಟರಂಗಯ್ಯನವರು ಪುಸ್ತಕ ಮುಚ್ಚಿ ಎದ್ದುಬಿಡೋಣವೇ ಎಂದುಕೊಳ್ಳುವಷ್ಟರಲ್ಲಿ ಜೋಯಾ ಬಾಯಿ ತೆರೆದಳು.

"ಎಮ್ಮೆಗೆ ನಿದ್ದೆ ಬಂತು."

ಪುಟ್ಟರಂಗಯ್ಯ ಜೋರಾಗಿ ತಲೆಯಾಡಿಸಿದರು. ಬೆರಳು ಹುಣಸೆಮರದ ಕಡೆ ಸರಿಯಿತು.

"ಇರುವೆ" ಎಂದ ಚಿರಂತ.

"ನಾಯಿ!" ಎಂದಿತು ಇನ್ನೊಂದು ಮಗು.

"ನಾಯಿ ಜಾಗ ಇಲ್ಲ ಅಂತು."

ಆಮೇಲೆ ಎಲ್ಲ ಒಟ್ಟಿಗೆ, ನೆಲಕ್ಕೆ ಟಪಟಪ ಬಡಿಯುತ್ತ, "ಮುಂದೋಗಿ ಎಮ್ಮೆಯೋಯೇ, ಮುಂದೋಗಿ, ಅಲ್ಲೆಲ್ಲ ಜಾಗ ಐತೆ!"

ಅಷ್ಟೂ ಅವರದೇ ರಾಗ. ಕೊನೆಯಲ್ಲಿ ಎಳೆಯುವುದೂ ಅವರದೇ. ಪುಟ್ಟರಂಗಯ್ಯ ಮೈ ಕುಲುಕಿಸುತ್ತ ನಕ್ಕರು, ದನಿಯಿಲ್ಲದ ನಗು. ನಗುವಾಗಲೂ ಸದ್ದು ಹೊರಡಬಾರದೆಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಉಮಾಮಹೇಶ್ವರಿ ಬಾಗಿಲಿಗೊರಗಿ ನಿಂತವರು ಅಲ್ಲೇ ಕೂತುಬಿಟ್ಟರು.

ಕೋಳಿಯ ಪುಟ ಆಯಿತು. ಜಗಲಿಯ ಮೇಕೆಯನ್ನು ಜೋಯಾ "ಬಕರಿ" ಎಂದಳು, ಚಿರಂತ "ಮೇಕೆ" ಎಂದ, ಅದಕ್ಕೊಂದು ಸಣ್ಣ ಜಗಳವಾಯಿತು. ಪುಟ್ಟರಂಗಯ್ಯ ಇಬ್ಬರಿಗೂ ತಲೆಯಾಡಿಸಿದರು. ಕೆರೆ ಬಂತು. ಎಮ್ಮೆ ನೀರಿಗಿಳಿಯಿತು. ಪುಸ್ತಕದಲ್ಲಿ ಇಲ್ಲಿ ಕಾಗೆ ಬಂದು ಕೂರಬೇಕು. ಚಿರಂತನಿಗೆ ಏನೆನ್ನಿಸಿತೋ, "ಎಮ್ಮೆ ಮುಳುಗೋಯ್ತು" ಎಂದ.

"ಮುಳುಗಿಲ್ಲ!"

ಗೋಡೆಯ ಕಡೆಯಿಂದ ಬಂದ ದನಿ. ಭೂಮಿ ತಿರುಗಿ ನಿಂತಿದ್ದಳು. ಮುಖ ಕೆಂಪಾಗಿತ್ತು.

"ಮುಳುಗಿಲ್ಲ ಕಣೋ! ನಿದ್ದೆ ಮಾಡ್ತೈತೆ. ಮೂಗು ಮೇಲೈತೆ. ತಾತ ಹೇಳಿಲ್ವಾ?"

ಮಕ್ಕಳ ನಡುವೆ ನುಗ್ಗಿಕೊಂಡು ಬಂದಳು, ಪುಸ್ತಕವನ್ನು ಒಂದು ಕೈಯಲ್ಲಿ ಎತ್ತಿ, ತಾತನ ತೊಡೆಯ ಮೇಲೆ ತಾನು ಕೂತು, ತನ್ನ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡಳು. ಎಮ್ಮೆಯ ಮೂಗಿನ ಹೊಳ್ಳೆ ತೋರಿಸಿದಳು. ಕಾಗೆಯನ್ನು ಕೂರಿಸಿದಳು. ಕಡೆಯ ಪುಟ ತಾನೇ ತಿರುಗಿಸಿ, ಅದರ ಮಾತು ಹೇಳುವ ಮೊದಲು ತಾತನ ಕಡೆ ಕತ್ತೆತ್ತಿ ನೋಡಿದಳು. ಪುಟ್ಟರಂಗಯ್ಯ ತುಟಿಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು. ಅವಳಿಗೆ ಏನೋ ಹೊಳೆದ ಹಾಗಾಯಿತು. ಬೆರಳು ಚಾಚಿ ಅವರ ಗಂಟಲು ಮುಟ್ಟಿದಳು.

"ತಾತ, ಒಳಗಡೆ ಗಾಯನಾ?"

ಅವರು ಹೂಂ ಎನ್ನುವಂತೆ ತಲೆಯಾಡಿಸಿದರು.

"ಶ್!" ಎಂದಳು ಭೂಮಿ ಎಲ್ಲರಿಗೂ. "ತಾತನ ಗಂಟಲು ಮಲಗೈತೆ."

ಮಕ್ಕಳೆಲ್ಲ "ಶ್!" ಎಂದವು. ಅಂಗನವಾಡಿ ಅಷ್ಟು ನಿಶ್ಶಬ್ದವಾಗಿದ್ದನ್ನು ತಾನು ಕಂಡೇ ಇರಲಿಲ್ಲ ಎಂದು ಉಮಾಮಹೇಶ್ವರಿ ಆಮೇಲೆ ಸಿದ್ದಗಂಗಮ್ಮನವರ ಹತ್ತಿರ ಹೇಳಿದರು.

ದನಿ ಮರಳಿತು, ಹಳೆಯ ದನಿಯಲ್ಲ. ಸಣ್ಣದಾಗಿ, ಸ್ವಲ್ಪ ಒರಟಾಗಿ, ಒಣಗಿದ ತೆಂಗಿನ ಗರಿ ಎಳೆದ ಹಾಗೆ. ಈಗ ಅವರ ಮಾತು ಕೇಳಬೇಕಾದರೆ ಹತ್ತಿರ ಬರಬೇಕು. ಸಿದ್ದಗಂಗಮ್ಮ ಸಂಜೆ ಕಾಫಿ ಹಿಡಿದು ಗಂಡನ ಪಕ್ಕವೇ ಕುರ್ಚಿ ಹಾಕಿಕೊಳ್ಳುತ್ತಾರೆ. ಮೂರನೇ ಮನೆಯವರಿಗೆ ಇವರ ಮನೆಯ ಸುದ್ದಿ ತಿಳಿಯದೆ ಬೇಸರವಾಗಿದೆಯಂತೆ. ಪುಟ್ಟರಂಗಯ್ಯನವರಿಗೂ ಒಮ್ಮೊಮ್ಮೆ ಬೇಸರವಾಗುತ್ತದೆ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಹೊಸ ಹುಡುಗರು ಸೀಟಿ ಊದಿ ಸುಮ್ಮನಾಗುವುದನ್ನು ನೋಡಿದಾಗ ಗಂಟಲು ತುರಿಸುತ್ತದೆ. ನೀರು ಕುಡಿದು ಮುಂದೆ ಹೋಗುತ್ತಾರೆ.

ಭೂಮಿ ಈಗ ಎಲ್‌ಕೆಜಿ, ಟೈ ಕಟ್ಟಿಕೊಂಡು ವ್ಯಾನಿನಲ್ಲಿ ಹೋಗುತ್ತಾಳೆ. ಅಂಗನವಾಡಿಗೆ ತಾತ ಹೋಗುವುದು ತಪ್ಪಿಲ್ಲ. ಕುಣಿಗಲ್ಲಿನಲ್ಲಿ ಉಮಾಮಹೇಶ್ವರಿಯವರ ಗೆಳತಿ ಅನುಪಮಾ ನಡೆಸುವ ಅಂಗನವಾಡಿಯೊಂದಿದೆ. ನಮ್ಮಲ್ಲಿಗೂ ಕಳಿಸಿ ನಿಮ್ಮ ತಾತನನ್ನ ಎಂದು ಅವರು ಕೇಳಿಕೊಂಡ ಮೇಲೆ, ಕಳೆದ ತಿಂಗಳು ಪುಟ್ಟರಂಗಯ್ಯ ಎಮ್ಮೆಯ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಜನ್ಮದಲ್ಲಿ ಮೊದಲ ಸಲ ಆ ದಾರಿಯಲ್ಲಿ ಕಿಟಕಿ ಪಕ್ಕ ಕೂತು ಹೋದರು. ಹೆಬ್ಬೂರಿನ ಕೆರೆ ಇಷ್ಟು ಚೆಂದವಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಅಲ್ಲಿ ಯಾವತ್ತೂ ಅವರು ಚಿಲ್ಲರೆ ಹುಡುಕುತ್ತಿರುತ್ತಿದ್ದರು.

ಕುಣಿಗಲ್ಲಿನ ಮಕ್ಕಳಿಗೆ ಇವರ ಗುರುತಿಲ್ಲ. ಒಂದಿಷ್ಟು ದೂರವೇ ಕೂತವು. ಪುಟ್ಟರಂಗಯ್ಯ ನೆಲದ ಮೇಲೆ ಕೂತು ಸಣ್ಣ ದನಿಯಲ್ಲಿ ಶುರು ಮಾಡಿದರು. ಕೇಳಿಸದ ಮಕ್ಕಳು ಸ್ವಲ್ಪ ಸ್ವಲ್ಪವೇ ಮುಂದೆ ಸರಿದವು. ಒಬ್ಬಳು ಪುಟ್ಟ ಹುಡುಗಿ ಮಾತ್ರ ಕೋಳಿಯ ಪುಟದಲ್ಲಿ ಎದ್ದು ಹೊರಟೇಹೋದಳು. "ಏಯ್, ಬಾ ಇಲ್ಲಿ" ಎಂದು ಅನುಪಮಾ ಕರೆಯಲು ಹೋದರು. ಪುಟ್ಟರಂಗಯ್ಯ ಬೇಡವೆಂದು ಕೈ ಮಾಡಿದರು.

ಎಮ್ಮೆ ಕೆರೆಗಿಳಿಯುವ ಹೊತ್ತಿಗೆ ಹುಡುಗಿ ವಾಪಸ್ ಬಂದಳು. ಕೈಯಲ್ಲಿ ಅವಳ ಬ್ಯಾಗಿನಿಂದ ತಂದ ಕರ್ಚೀಫ್ ಇತ್ತು. ಅದನ್ನು ಬಿಡಿಸಿ, ಮಲಗಿದ ಎಮ್ಮೆಯ ಮೇಲೆ ಕೊಂಬಿನ ತನಕ ಹೊದಿಸಿದಳು. ಅಂಚುಗಳನ್ನು ಸರಿಮಾಡಿ ಒಂದು ಸಲ ತಟ್ಟಿದಳು.

ಇನ್ನೊಂದು ಮಗು ಕಡೆಯ ಪುಟ ತಿರುಗಿಸಲು ಕೈ ಹಾಕಿತು.

"ತಡಿ ಮಗಾ" ಎಂದರು ಪುಟ್ಟರಂಗಯ್ಯ ಮೆಲ್ಲಗೆ. "ಈಗ ತಾನೇ ಕಣ್ಣು ಹತ್ತೈತೆ."

ಎಲ್ಲರೂ ಕರ್ಚೀಫ್ ನೋಡುತ್ತ ಕೂತರು. ಹೊರಗೆ ತುಮಕೂರಿನ ಬಸ್ಸು ಹಾರ್ನ್ ಮಾಡಿ ಹೊರಟಿತು. ಇನ್ನೊಂದು ಬರುತ್ತದೆ, ಪುಟ್ಟರಂಗಯ್ಯ ಏಳಲಿಲ್ಲ.